ಫ್ಲಾ: ಐರ್ಲೆಂಡಿನ ಬೀದಿ ತುಂಬಾ ಪಿಟೀಲು ಬಂದದ್ದು ಹೇಗೆ?

ಐರ್ಲೆಂಡಿನ ಸಂಗೀತ ಹಬ್ಬ ಫ್ಲಾಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಮಕ್ಕಳು. ಅಂಗಡಿ ಮೆಟ್ಟಿಲ ಮೇಲೆ, ಬ್ಯಾಂಕಿನ ಬಾಗಿಲ ಪಕ್ಕ, ಚರ್ಚಿನ ಕಾಂಪೌಂಡಿಗೆ ಒರಗಿಕೊಂಡು, ಎಲ್ಲಿ ನೋಡಿದರೂ ಹತ್ತು ಹನ್ನೆರಡು ವರ್ಷದವರು ಪಿಟೀಲು, ಟಿನ್ ವಿಸಲ್ ಎಂಬ ತಗಡಿನ ಪುಟ್ಟ ಕೊಳಲು, ಕನ್ಸರ್ಟಿನಾ ಎಂಬ ಕೈಯಲ್ಲಿ ಹಿಡಿಯುವ ಪುಟ್ಟ ತಿದಿವಾದ್ಯ ನುಡಿಸುತ್ತಿರುತ್ತಾರೆ. ಮುಂದೆ ಪಿಟೀಲಿನ ಪೆಟ್ಟಿಗೆ ತೆರೆದು ಬಿದ್ದಿರುತ್ತದೆ, ಒಳಗೆ ಯೂರೋ ಚಿಲ್ಲರೆ. ಜನ ಗುಂಪುಗೂಡಿದರೆ ಹೆದರುವ ಮಕ್ಕಳಲ್ಲ ಇವರು. ಒಂದು ಟ್ಯೂನ್ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಹಾರಿರುತ್ತಾರೆ. ಕಾಗದ ನೋಡಿ ನುಡಿಸುವವರು ಹುಡುಕಿದರೂ ಸಿಗುವುದಿಲ್ಲ.

ಫ್ಲಾ ಅಂತ ಜನ ಕರೆಯುವುದು ಫ್ಲಾ ಖ್ಯೋಲ್ ನಾ ಹೇರನ್ ಎನ್ನುವ ಹಬ್ಬವನ್ನು. ಐರಿಷ್ ಸಾಂಪ್ರದಾಯಿಕ ಸಂಗೀತ, ಹಾಡು, ಕುಣಿತ, ಭಾಷೆ ಎಲ್ಲವೂ ಸೇರಿದ ವಾರ್ಷಿಕ ಹಬ್ಬ. ನಡೆಸುವುದು ಕೋಲ್ತಸ್ ಎಂಬ ಸಂಘ, ಜೊತೆಗೆ ಆಯಾ ಊರಿನ ಸ್ವಯಂಸೇವಕರು. ಊರು ಆಗಾಗ ಬದಲಾಗುತ್ತದೆ. 2022 ಮತ್ತು 2023ರಲ್ಲಿ ಮಲ್ಲಿಂಗಾರ್, 2024 ಮತ್ತು 2025ರಲ್ಲಿ ವೆಕ್ಸ್‌ಫರ್ಡ್. 2026ರದ್ದನ್ನು ಬೆಲ್‌ಫಾಸ್ಟ್‌ಗೆ ಕೊಟ್ಟಿದ್ದಾರೆ. ವೆಕ್ಸ್‌ಫರ್ಡ್ ಪಟ್ಟಣದ ಜನಸಂಖ್ಯೆ ಸುಮಾರು 21 ಸಾವಿರ. ಆಗಸ್ಟಿನ ಆ ಒಂದು ವಾರದಲ್ಲಿ ಅಲ್ಲಿಗೆ ಬಂದು ಹೋದವರು ಲಕ್ಷಗಟ್ಟಲೆ.

ಇದನ್ನೆಲ್ಲ ನೋಡಿದರೆ ಸಾವಿರ ವರ್ಷದಿಂದ ಹೀಗೇ ನಡೆದು ಬಂದಿರಬೇಕು ಅನ್ನಿಸುತ್ತದೆ. ಪಬ್ಬಿನ ಮೂಲೆ, ಮೇಜಿನ ಸುತ್ತ ಆರೇಳು ಜನ, ಕುಟ್ಟುವ ಕಾಲುಗಳು. ಪ್ರವಾಸಿಗರಿಗೆ ಕೊಡುವ ಕರಪತ್ರಗಳೂ ಹಾಗೇ ಹೇಳುತ್ತವೆ. ನಿಜ ಹಾಗಿಲ್ಲ. ಟ್ಯೂನ್‌ಗಳು ಹಳೆಯವು, ಒಪ್ಪೋಣ. ಆದರೆ ಪಬ್ಬಿನಲ್ಲಿ ಕೂತು ನುಡಿಸುವ ರೂಢಿಗೆ ನೂರು ವರ್ಷವೂ ಆಗಿಲ್ಲ. ಫ್ಲಾ ಶುರುವಾದದ್ದು 1951ರಲ್ಲಿ. ಆಗ ಈ ಸಂಗೀತ ಇನ್ನೇನು ಹೋಯಿತು ಅನ್ನುವ ಸ್ಥಿತಿಯಲ್ಲಿತ್ತು. ಇವತ್ತು ಬೀದಿಯಲ್ಲಿ ಕಾಣುವ ಮಕ್ಕಳು ಒಂದು ವ್ಯವಸ್ಥೆಯ ಫಲ. ಆ ವ್ಯವಸ್ಥೆ ಗೊತ್ತಿದ್ದರೆ ಹಬ್ಬ ಅರ್ಥವಾಗುತ್ತದೆ, ಇಲ್ಲದಿದ್ದರೆ ಬರೀ ಗದ್ದಲ.

ಮೊದಲು ಈ ಸಂಗೀತ ಎಲ್ಲಿತ್ತು? ಹಳ್ಳಿಮನೆಯ ಅಡುಗೆ ಕೋಣೆಯಲ್ಲಿ. ಚಳಿಗಾಲದ ರಾತ್ರಿ ನೆರೆಹೊರೆಯವರು ಒಂದು ಮನೆಯಲ್ಲಿ ಸೇರುತ್ತಿದ್ದರು. ಒಬ್ಬ ಪಿಟೀಲು ನುಡಿಸಿದರೆ ಉಳಿದವರು ಕುಣಿಯುತ್ತಿದ್ದರು. ಒಬ್ಬನೇ ಸಾಕಿತ್ತು, ಜಾಸ್ತಿ ಜನ ಹಿಡಿಸುವಷ್ಟು ಜಾಗವೂ ಇರಲಿಲ್ಲ. ಅಂದರೆ ಇದು ಕೇಳಲಿಕ್ಕೆ ಅಂತ ಇದ್ದ ಸಂಗೀತವೇ ಅಲ್ಲ, ಕುಣಿಯಲಿಕ್ಕೆ ಇದ್ದದ್ದು.

1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆ ಕೊಳೆತು ಮಹಾ ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ, ಇನ್ನೂ ಜಾಸ್ತಿಯೇ ಇರಬಹುದು, ಹಡಗು ಹತ್ತಿದರು. ವಲಸೆ ಅಲ್ಲಿಗೆ ನಿಲ್ಲಲೂ ಇಲ್ಲ. ಹೋದವರ ಜೊತೆ ಟ್ಯೂನ್‌ಗಳೂ ಹೋದವು. ಅವನ್ನು ಉಳಿಸಿದವರಲ್ಲಿ ಒಬ್ಬರ ಕಥೆ ವಿಚಿತ್ರವಾಗಿದೆ. ಕಾರ್ಕ್ ಕಡೆಯ ಫ್ರಾನ್ಸಿಸ್ ಓನೀಲ್ ಶಿಕಾಗೋಗೆ ಹೋಗಿ ಪೊಲೀಸ್ ಇಲಾಖೆ ಸೇರಿದರು. 1901ರಿಂದ 1905ರವರೆಗೆ ಆ ನಗರದ ಪೊಲೀಸ್ ಮುಖ್ಯಸ್ಥರೇ ಆಗಿದ್ದರು. ವಲಸೆ ಬಂದ ಐರಿಷರ ಬಾಯಿಂದ, ಕೈಯಿಂದ ಟ್ಯೂನ್ ಸಂಗ್ರಹಿಸಿ 1903ರಲ್ಲಿ 1,850 ಟ್ಯೂನ್‌ಗಳ ಪುಸ್ತಕ ತಂದರು. ಆಮೇಲೆ 1920ರ ದಶಕದಲ್ಲಿ ಸ್ಲೈಗೋ ಕಡೆಯ ಮೈಕೆಲ್ ಕೋಲ್ಮನ್ ನ್ಯೂಯಾರ್ಕಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಪಿಟೀಲು ನುಡಿಸಿದರು. ಆ ತಟ್ಟೆಗಳು ಐರ್ಲೆಂಡಿಗೆ ವಾಪಸ್ ಬಂದವು. ಹಳ್ಳಿಯ ಪಿಟೀಲಿನವರು ತಮ್ಮೂರ ಶೈಲಿ ಬಿಟ್ಟು ತಟ್ಟೆಯಲ್ಲಿ ಕೇಳಿದ್ದನ್ನೇ ಕಲಿತರು. ಹಾಗಾಗಿ ಇವತ್ತು ಅಪ್ಪಟ ಐರಿಷ್ ಅಂತ ಕೇಳುವುದರಲ್ಲಿ ಅಮೆರಿಕಾದ ಪಾಲೂ ಇದೆ.

ಊರಿನಲ್ಲಿ ಉಳಿದದ್ದಕ್ಕೆ ಪೆಟ್ಟು ಬಿದ್ದದ್ದು 1935ರಲ್ಲಿ. ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕು ಅಂತ ಒಂದು ಕಾನೂನು ಬಂತು. ಅದರ ಹಿಂದೆ ಇದ್ದದ್ದು ಯುವಕ ಯುವತಿಯರ ನಡತೆ ಕೆಡುತ್ತದೆ ಎನ್ನುವ ಚರ್ಚಿನ ಭಯ. ಮನೆಯೊಳಗಿನ ಕುಣಿತಕ್ಕೂ ಅದು ಅನ್ವಯಿಸುತ್ತದಾ ಎನ್ನುವುದು ಸ್ಪಷ್ಟ ಇರಲಿಲ್ಲ. ಆದರೂ ಹಲವು ಕಡೆ ಪಾದ್ರಿಗಳು, ಪೊಲೀಸರು ಮನೆ ಕುಣಿತ ನಿಲ್ಲಿಸಿದರು. ಜನ ದುಡ್ಡು ಕೊಟ್ಟು ಚರ್ಚಿನ ಹಾಲ್‌ಗೆ ಹೋಗಬೇಕಾಯಿತು. ದೊಡ್ಡ ಹಾಲ್‌ನಲ್ಲಿ ಒಂದು ಪಿಟೀಲು ಯಾರಿಗೆ ಕೇಳುತ್ತದೆ? ಹಾಗಾಗಿ ಪಿಟೀಲು, ಕೊಳಲು, ಅಕಾರ್ಡಿಯನ್, ಪಿಯಾನೋ, ಡ್ರಮ್ ಎಲ್ಲ ಸೇರಿದ, ಕೇಲಿ ಎಂಬ ಸಾಮೂಹಿಕ ಕುಣಿತಕ್ಕೆ ನುಡಿಸುವ ಕೇಲಿ ಬ್ಯಾಂಡ್‌ಗಳಿಗೆ ಬೇಡಿಕೆ ಹೆಚ್ಚಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿಗೆ ಕಟ್ಟಡ ಕೆಲಸಕ್ಕೆ ಹೋದ ಐರಿಷರದ್ದು ಇನ್ನೊಂದು ಕಷ್ಟ. ಬಾಡಿಗೆ ಕೋಣೆಯಲ್ಲಿ ಇರುವವನಿಗೆ ಅಡುಗೆ ಮನೆ ಎಲ್ಲಿಂದ ಬರಬೇಕು? ಪಿಟೀಲು ತೆಗೆದರೆ ಪಕ್ಕದ ಕೋಣೆಯವನು ಗೋಡೆ ಬಡಿಯುತ್ತಾನೆ. ಸಂಜೆ ಸೇರಲಿಕ್ಕೆ ಇದ್ದದ್ದು ಪಬ್ ಒಂದೇ. ಕ್ಯಾಮ್ಡನ್, ಕೆಂಟಿಶ್ ಟೌನ್ ಕಡೆಯ ಪಬ್‌ಗಳಲ್ಲಿ ಬೇರೆ ಬೇರೆ ಜಿಲ್ಲೆಯವರು ಒಂದೇ ಮೇಜಿಗೆ ಕೂತು ನುಡಿಸತೊಡಗಿದರು. ಇವತ್ತು ಸೆಷನ್ ಅಂತ ಕರೆಯುವುದು ಹೀಗೆ ರೂಢಿಗೆ ಬಂತು, ಆಮೇಲೆ ಐರ್ಲೆಂಡಿಗೂ ಹಬ್ಬಿತು. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಇದೇ. ಊರಿನಲ್ಲಿ ಜಾಗ ಕಳೆದುಕೊಂಡ ಸಂಗೀತಕ್ಕೆ ಹೊಸ ಜಾಗ ಹುಡುಕಿಕೊಟ್ಟವರು ಹೊಟ್ಟೆಪಾಡಿಗೆ ಊರು ಬಿಟ್ಟವರು.

1951ರಲ್ಲಿ ಡಬ್ಲಿನ್ನಿನ, ಪೈಪ್ಸ್ ಎಂಬ ತಿದಿವಾದ್ಯ ನುಡಿಸುವ ಪೈಪರ್‌ಗಳ ಕ್ಲಬ್ಬಿನವರೂ ಮಲ್ಲಿಂಗಾರ್ ಕಡೆಯ ಸಂಗೀತಗಾರರೂ ಸೇರಿ ಕೋಲ್ತಸ್ ಕಟ್ಟಿದರು. ಅದೇ ವರ್ಷ ಮಲ್ಲಿಂಗಾರ್‌ನಲ್ಲಿ ಮೊದಲ ಫ್ಲಾ ನಡೆಯಿತು. ಬಂದವರು ಕೆಲವು ನೂರು ಜನ. ಇವತ್ತು ಕೋಲ್ತಸ್‌ಗೆ ಜಗತ್ತಿನಾದ್ಯಂತ 400ಕ್ಕೂ ಹೆಚ್ಚು ಶಾಖೆಗಳಿವೆ. ಶಾಖೆ ಅಂದರೆ ದೊಡ್ಡ ಆಫೀಸೇನೂ ಅಲ್ಲ. ವಾರಕ್ಕೊಂದು ಸಂಜೆ ಊರಿನ ಶಾಲೆ ಕೊಠಡಿಯಲ್ಲೋ ಹಾಲ್‌ನಲ್ಲೋ ನಡೆಯುವ ಕ್ಲಾಸ್. ಆರೇಳು ವರ್ಷದ ಮಗು ಕೆಲವೇ ಯೂರೋ ಬೆಲೆಯ ಟಿನ್ ವಿಸಲ್ ಹಿಡಿದು ಬರುತ್ತದೆ. ಆಮೇಲೆ ಪಿಟೀಲೋ ಕನ್ಸರ್ಟಿನಾವೋ ಆರಿಸಿಕೊಳ್ಳುತ್ತದೆ.

ಕಲಿತ ಮಗುವಿಗೆ ಒಂದು ಗುರಿ ಬೇಕಲ್ಲ, ಅದಕ್ಕೆ ಸ್ಪರ್ಧೆ. ಮೊದಲು ಜಿಲ್ಲೆಯ ಫ್ಲಾ. ಅಲ್ಲಿ ಮೊದಲ ಎರಡು ಸ್ಥಾನ ಬಂದವರು ಪ್ರಾಂತ್ಯದ ಫ್ಲಾಗೆ. ಅಲ್ಲಿಯೂ ಗೆದ್ದವರು ಆಗಸ್ಟಿನ ದೊಡ್ಡ ಫ್ಲಾಗೆ. ಬ್ರಿಟನ್ನಿನಿಂದ, ಉತ್ತರ ಅಮೆರಿಕದಿಂದ ಆಯ್ಕೆಯಾಗಿ ಬರುವವರೂ ಇದ್ದಾರೆ. ವಯಸ್ಸಿನ ಪ್ರಕಾರ ನಾಲ್ಕು ವಿಭಾಗ: 12ರ ಒಳಗೆ, 12ರಿಂದ 15, 15ರಿಂದ 18, ಅದಕ್ಕೆ ಮೇಲ್ಪಟ್ಟವರು. ಪ್ರತಿ ವಾದ್ಯಕ್ಕೂ ಬೇರೆ ಸ್ಪರ್ಧೆ. ಬಾಯಲ್ಲೇ ಟ್ಯೂನ್ ಹೇಳುವುದಕ್ಕೆ, ಸಿಳ್ಳೆ ಹೊಡೆಯುವುದಕ್ಕೆ, ಎರಡು ಮೂಳೆ ಹಿಡಿದು ತಾಳ ಹಾಕುವುದಕ್ಕೂ ಸ್ಪರ್ಧೆ ಇದೆ.

ಒಂದು ಸ್ಪರ್ಧೆಗೆ ಹೋಗಿ ಕೂತು ನೋಡಬೇಕು. ಶಾಲೆಯ ಹಾಲ್, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಮುಂದೆ ಒಂದು ಮೇಜು, ಹಿಂದೆ ಪೆನ್ನು ಹಿಡಿದ ತೀರ್ಪುಗಾರರು. ಒಂದು ಹುಡುಗಿ ಬಂದು ಕೂರುತ್ತಾಳೆ, ಕನ್ಸರ್ಟಿನಾವನ್ನು ತೊಡೆ ಮೇಲೆ ಸರಿಮಾಡಿಕೊಳ್ಳುತ್ತಾಳೆ, ಅಂಗೈ ಬೆವರನ್ನು ಸ್ಕರ್ಟಿಗೆ ಒರೆಸಿಕೊಳ್ಳುತ್ತಾಳೆ. ಕೆಲವೇ ನಿಮಿಷ, ಅಷ್ಟರಲ್ಲಿ ಎಲ್ಲ ಮುಗಿಯಿತು. ಹಿಂದಿನ ಸಾಲಿನಲ್ಲಿ ಅವಳ ಅಮ್ಮನ ಬೆರಳುಗಳೂ ಅದೇ ಟ್ಯೂನನ್ನು ಚೀಲದ ಮೇಲೆ ನುಡಿಸುತ್ತಿರುತ್ತವೆ. ಫಲಿತಾಂಶ ಏನೇ ಬರಲಿ, ಒಂದು ಗಂಟೆ ಆದ ಮೇಲೆ ಆ ಹುಡುಗಿ ಬೀದಿಯಲ್ಲಿ ಬೇರೆ ಊರಿನ ನಾಲ್ಕು ಮಕ್ಕಳ ಜೊತೆ ಕೂತಿರುತ್ತಾಳೆ.

ಭಾನುವಾರ ರಾತ್ರಿಯ ಹಿರಿಯರ ಕೇಲಿ ಬ್ಯಾಂಡ್ ಸ್ಪರ್ಧೆ ಮಾತ್ರ ಬೇರೆಯೇ ಮಟ್ಟದ್ದು. ಹತ್ತು ಜನ, ಎದೆ ನಡುಗಿಸುವ ಲಯ, ಊರಿಗೆ ಊರೇ ಬಂದು ಕೂಗುವ ಅಭಿಮಾನಿಗಳು. ಕ್ಲೇರ್ ಜಿಲ್ಲೆಯ ಕಿಲ್ಫನೋರಾ ಮತ್ತು ಟುಲ್ಲಾ ಎಂಬ ಎರಡು ಹಳ್ಳಿಗಳ ಬ್ಯಾಂಡ್‌ಗಳ ಜಿದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. 1954ರಿಂದ 56ರವರೆಗೆ ಸತತ ಮೂರು ವರ್ಷ ಕಿಲ್ಫನೋರಾ ಗೆದ್ದಿತು, 57ರಲ್ಲಿ ಟುಲ್ಲಾ ಕಿತ್ತುಕೊಂಡಿತು.

ಸ್ಪರ್ಧೆ ಬಗ್ಗೆ ತಕರಾರು ಇಲ್ಲದೇ ಇಲ್ಲ. ಸಂಗೀತಕ್ಕೆ ಅಂಕ ಹಾಕುವುದೇನು ಅಂತ ಕೇಳುವವರಿದ್ದಾರೆ. ತೀರ್ಪುಗಾರರಿಗೆ ಹಿಡಿಸುವ ಹಾಗೆ ಎಲ್ಲರೂ ಒಂದೇ ತರಹ ನುಡಿಸುತ್ತಾರೆ, ಡೊನೆಗಾಲ್, ಸ್ಲೈಗೋ, ಕ್ಲೇರ್ ಶೈಲಿಗಳ ವ್ಯತ್ಯಾಸ ಅಳಿಸಿ ಹೋಗುತ್ತದೆ ಎನ್ನುವುದು ಅವರ ದೂರು. ಅದರಲ್ಲಿ ನಿಜ ಇದೆ. ಕ್ಲೇರ್ ಜಿಲ್ಲೆಯ ಮಿಲ್ಟೌನ್ ಮಾಲ್ಬೇ ಎಂಬಲ್ಲಿ ಪ್ರತಿ ಜುಲೈನಲ್ಲಿ ವಿಲ್ಲಿ ಕ್ಲಾನ್ಸಿ ಎಂಬ ಪೈಪರ್‌ ಹೆಸರಿನ ಬೇಸಿಗೆ ಶಾಲೆ ನಡೆಯುತ್ತದೆ. 1973ರಿಂದ ಇದೆ. ಅಲ್ಲಿ ಸ್ಪರ್ಧೆಯೇ ಇಲ್ಲ, ಬರೀ ಕಲಿಕೆ. ಆದರೂ ನನಗೆ ಕೇಳಿದರೆ, ಫ್ಲಾದಲ್ಲಿ ಸ್ಪರ್ಧೆ ಒಂದು ನೆಪ. ಆ ನೆಪ ಇಲ್ಲದಿದ್ದರೆ ಇಷ್ಟು ಅಪ್ಪ ಅಮ್ಮಂದಿರು ರಜೆ ಹಾಕಿ, ಕಾರು ತುಂಬಾ ಮಕ್ಕಳು, ವಾದ್ಯ, ಟೆಂಟು ಹೇರಿಕೊಂಡು ಬರುತ್ತಿರಲಿಲ್ಲ. ಸ್ಪರ್ಧೆಯ ವಾರಾಂತ್ಯಕ್ಕೆ ಮೊದಲು ಐದು ದಿನ ಸ್ಕೋಲ್ ಏಗ್ಶ ಎಂಬ ತರಗತಿಗಳೂ ನಡೆಯುತ್ತವೆ. ದೊಡ್ಡ ದೊಡ್ಡ ಕಲಾವಿದರೇ ಮಕ್ಕಳಿಗೆ ಪಾಠ ಹೇಳುತ್ತಾರೆ.

ಈಗ ಸೆಷನ್ ವಿಷಯ. ಫ್ಲಾದ ಜೀವ ಇರುವುದು ಇಲ್ಲಿ. ಒಂದು ಮೇಜು ನೋಡೋಣ. ಗೋಡೆಗೆ ಬೆನ್ನು ಹಾಕಿ ಇಬ್ಬರು ಪಿಟೀಲಿನವರು, ಪಕ್ಕದಲ್ಲಿ ಕೊಳಲು, ಎದುರು ಬಟನ್ ಅಕಾರ್ಡಿಯನ್. ಮೇಜಿನ ಮೇಲೆ ಅರ್ಧ ಕುಡಿದ ಗಿನ್ನಿಸ್, ಒಂದು ಟೀ ಪಾಟ್. ಒಬ್ಬರು ಮಾತಾಡುತ್ತಾ ಮಾತಾಡುತ್ತಾ ಕಮಾನು ಎತ್ತಿ ತಂತಿ ಮೇಲೆ ಇಡುತ್ತಾರೆ. ಏನು ನುಡಿಸುತ್ತೇನೆ ಅಂತ ಹೇಳುವುದಿಲ್ಲ. ನಾಲ್ಕು ಸ್ವರ ಕೇಳುವಷ್ಟರಲ್ಲಿ ಉಳಿದವರಿಗೆ ಗೊತ್ತಾಗುತ್ತದೆ, ಎರಡನೇ ಸಾಲಿಗೆ ಎಲ್ಲರೂ ಸೇರಿರುತ್ತಾರೆ. ಎರಡು ಮೂರು ಸಲ ಸುತ್ತಿದ ಮೇಲೆ ಮೊದಲು ಶುರು ಮಾಡಿದವರು ಹುಬ್ಬು ಹಾರಿಸುತ್ತಾರೆ, ಇಲ್ಲವೇ "ಹಪ್!" ಅನ್ನುತ್ತಾರೆ. ತಕ್ಷಣ ಹೊಸ ಟ್ಯೂನ್. ಒಬ್ಬ ಹುಡುಗನಿಗೆ ಅದು ಬರುವುದಿಲ್ಲ. ಪಿಟೀಲನ್ನು ತೊಡೆ ಮೇಲೆ ಇಟ್ಟು ಸುಮ್ನೆ ಕೇಳುತ್ತಾ ಕೂರುತ್ತಾನೆ. ಇದರಲ್ಲಿ ಅವಮಾನ ಏನೂ ಇಲ್ಲ, ಕಲಿಯುವುದೇ ಹಾಗೆ. ಟ್ಯೂನಿನ ಹೆಸರೇನು ಅಂತ ಮುಗಿದ ಮೇಲೆ ಕೇಳಿ ನೋಡಿ. ನುಡಿಸಿದವರೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಇದನ್ನು ಕಛೇರಿ ಅಂದುಕೊಂಡರೆ ಕಷ್ಟ. ನಮ್ಮೂರ ಭಜನೆ ಮನೆಯ ರೀತಿ ಅಂದುಕೊಳ್ಳಿ. ಬಂದವರಿಗಾಗಿ ಹಾಡುವುದಲ್ಲ, ತಾವು ಸೇರಿ ಹಾಡುವುದು. ಕೇಳಲು ಬಂದವರಿಗೆ ಬೇಡ ಅನ್ನುವುದಿಲ್ಲ, ಅಷ್ಟೇ. ಹಾಗಾಗಿ ಒಂದಿಷ್ಟು ಬರೆಯದ ನಿಯಮಗಳಿವೆ. ಮೇಜಿನ ಸುತ್ತ ಖಾಲಿ ಕುರ್ಚಿ ಕಂಡರೆ ಹೋಗಿ ಕೂರಬಾರದು, ಅದು ಇನ್ನೂ ಬರಬೇಕಾದ ಸಂಗೀತಗಾರರದ್ದು. ಲಯಕ್ಕೆ ಚಪ್ಪಾಳೆ ತಟ್ಟಿದರೆ ಅವರ ಲಯ ಕೆಡುತ್ತದೆ. ವಿಡಿಯೋ ಮಾಡುವ ಮೊದಲು ಕೇಳಿದರೆ ಒಳ್ಳೆಯದು. ಬೋರಾನ್ ಅನ್ನುವ ಆಡಿನ ಚರ್ಮದ ಕೈಡೋಲು ಒಂದು ಸೆಷನ್ನಿಗೆ ಒಂದು ಸಾಕು. ಎರಡನೆಯದು ಬಂದರೆ ಪಿಟೀಲಿನವರ ಮುಖ ನೋಡಬೇಕು! ಬೋರಾನ್‌ನವರ ಮೇಲೆ ಇರುವಷ್ಟು ಜೋಕು ಐರ್ಲೆಂಡಿನಲ್ಲಿ ರಾಜಕಾರಣಿಗಳ ಮೇಲೂ ಇರಲಿಕ್ಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಯಾರಾದರೂ ಹಾಡಲು ಶುರು ಮಾಡಿದರೆ ಇಡೀ ಪಬ್ ಬಾಯಿ ಮುಚ್ಚಬೇಕು. ಅದರಲ್ಲೂ ಶಾನ್ ನೋಸ್ ಹಾಡು. ಐರಿಷ್ ಭಾಷೆಯಲ್ಲಿ, ಯಾವ ಪಕ್ಕವಾದ್ಯವೂ ಇಲ್ಲದೆ ಒಬ್ಬರೇ ಹಾಡುವ ಹಳೆಯ ಬಗೆ. ಹಾಡುವವರು ಕಣ್ಣು ಮುಚ್ಚಿಕೊಂಡಿರುತ್ತಾರೆ. ಪಕ್ಕದಲ್ಲಿದ್ದವರು ಅವರ ಕೈ ಹಿಡಿದು ನಿಧಾನವಾಗಿ ತಿರುಗಿಸುವುದೂ ಉಂಟು. ತಾಳದ ಲೆಕ್ಕ ಹುಡುಕಬೇಡಿ, ಸಾಲು ಎಳೆದಷ್ಟು ಎಳೆಯುತ್ತದೆ. ಬಾರಿನಲ್ಲಿ ಬಿಯರ್ ಸುರಿಯುವವರೂ ಕೈ ನಿಲ್ಲಿಸುತ್ತಾರೆ.

ಹೊಸಬರಿಗೆ ಎಲ್ಲ ಟ್ಯೂನೂ ಒಂದೇ ತರಹ ಕೇಳುತ್ತದೆ. ಅದಕ್ಕೊಂದು ಸುಲಭ ದಾರಿ ಇದೆ. ಮನಸ್ಸಿನಲ್ಲೇ "ತಕಿಟ ತಕಿಟ" ಅಂದುಕೊಳ್ಳಿ, ಕೂಡಿದರೆ ಅದು ಜಿಗ್. "ತಕಧಿಮಿ ತಕಧಿಮಿ" ಕೂಡಿದರೆ ಸಾಮಾನ್ಯವಾಗಿ ರೀಲ್. ತಕಿಟ ಮೂರು ಮೂರರ ಗುಂಪಾಗಿ ಬಂದರೆ ಸ್ಲಿಪ್ ಜಿಗ್. ನಾಲ್ಕರ ನಡೆಯೇ ಇದ್ದು ನಿಧಾನವಾಗಿ, ಕುಂಟಿದ ಹಾಗೆ ಹೋದರೆ ಹಾರ್ನ್‌ಪೈಪ್. ಕೆರಿ ಮತ್ತು ಕಾರ್ಕ್ ಗಡಿಯ ಸ್ಲೀವ್ ಲೂಕ್ರ ಕಡೆಯವರು ಕೂತಿದ್ದರೆ ಪೋಲ್ಕಾ ಜಾಸ್ತಿ ಕೇಳುತ್ತದೆ. ಟ್ಯೂನಿನ ಕಟ್ಟಡ ಸರಳ. ಎರಡು ಭಾಗ, ಒಂದೊಂದರಲ್ಲಿ ಎಂಟು ಆವರ್ತ, ಪ್ರತಿ ಭಾಗ ಎರಡೆರಡು ಸಲ. ಒಟ್ಟು 32. ಕುಣಿಯುವವರ ಹೆಜ್ಜೆ ಲೆಕ್ಕವೂ ಇಷ್ಟೇ, ಹಾಗಾಗಿ ಇದು ಬದಲಾಗಿಲ್ಲ. ಆಲಾಪನೆ ಇಲ್ಲ, ಒಬ್ಬೊಬ್ಬರೇ ಮನೋಧರ್ಮ ತೋರಿಸುವ ಸರದಿ ಇಲ್ಲ. ಎಲ್ಲರೂ ಒಂದೇ ಸ್ವರಸಾಲು ನುಡಿಸುತ್ತಾರೆ. ವ್ಯತ್ಯಾಸ ಇರುವುದು ಸಣ್ಣ ಸಣ್ಣ ಅಲಂಕಾರದಲ್ಲಿ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎನ್ನುವುದರಲ್ಲಿ. ಬೇಜಾರಾಗುವುದಿಲ್ಲವಾ ಅಂದರೆ, ಮೊದಲ ಅರ್ಧ ಗಂಟೆ ಆಗುತ್ತದೆ. ಆಮೇಲೆ ಕಿವಿ ಹೊಂದಿಕೊಳ್ಳುತ್ತದೆ.

ವಾದ್ಯಗಳ ಪೈಕಿ ಇಲ್ಲನ್ ಪೈಪ್ಸ್ ಸಿಕ್ಕರೆ ಬಿಡಬೇಡಿ. ಬಾಯಿಂದ ಊದುವುದಿಲ್ಲ, ಮೊಣಕೈ ಕೆಳಗಿನ ತಿದಿ ಒತ್ತಿ ಗಾಳಿ ತುಂಬುತ್ತಾರೆ. ಬೆರಳಲ್ಲಿ ಟ್ಯೂನ್, ಮಣಿಕಟ್ಟಿನಿಂದ ಜೊತೆಸ್ವರ. 1968ರಲ್ಲಿ ಪೈಪರ್‌ಗಳ ಸಂಘ ಹುಟ್ಟಿದಾಗ ಇದನ್ನು ನುಡಿಸುವವರು ನೂರು ಜನವೂ ಇರಲಿಲ್ಲ. 2017ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಇನ್ನು ತಂತಿವಾದ್ಯಗಳಲ್ಲಿ ಬಾಂಜೋ ಅಮೆರಿಕಾದಿಂದ ಬಂದದ್ದು, ಬುಜೂಕಿ 1960ರ ದಶಕದಲ್ಲಿ ಗ್ರೀಸಿನದ್ದನ್ನು ತಂದು ಒಗ್ಗಿಸಿಕೊಂಡದ್ದು. ಈ ವಿಷಯದಲ್ಲಿ ಮಡಿ ಮೈಲಿಗೆ ಇಲ್ಲ.

ಕುಣಿತ ಅಂದರೆ ಎಲ್ಲರಿಗೂ ನೆನಪಾಗುವುದು 1994ರಲ್ಲಿ ಯೂರೋವಿಷನ್ ಎಂಬ ಟಿವಿ ಹಾಡಿನ ಸ್ಪರ್ಧೆಯ ನಡುವೆ ಬಂದ ಆ ಏಳು ನಿಮಿಷದ ರಿವರ್‌ಡ್ಯಾನ್ಸ್. ಕೈ ಮೈಗೆ ಅಂಟಿಸಿ, ಕಾಲಲ್ಲಿ ಮಾತ್ರ ಬಿರುಗಾಳಿ. ಕೈ ಯಾಕೆ ಆಡಿಸುವುದಿಲ್ಲ ಎನ್ನುವುದಕ್ಕೆ ಕಥೆಗಳು ಹತ್ತಾರು, ಸಾಕ್ಷಿ ಯಾವುದಕ್ಕೂ ಇಲ್ಲ. ಆ ಬಗೆಯ ಸ್ಪರ್ಧೆಗಳನ್ನು ಬೇರೆ ಸಂಸ್ಥೆಗಳು ನಡೆಸುತ್ತವೆ. ಫ್ಲಾದಲ್ಲಿ ಹೆಚ್ಚಾಗಿ ಕಾಣುವುದು ಸೆಟ್ ಡ್ಯಾನ್ಸ್. ನಾಲ್ಕು ಜೋಡಿ ಚೌಕಾಕಾರ ನಿಂತು ಸುತ್ತುತ್ತಾ ಕುಣಿಯುವುದು. ಸಂಜೆ ಹಾಲ್‌ಗಳಲ್ಲಿ ಕೇಲಿ ಇರುತ್ತದೆ, ಯಾರು ಬೇಕಾದರೂ ಸೇರಬಹುದು. ಹೆಜ್ಜೆ ತಪ್ಪಿದರೆ ಪಕ್ಕದ ಅಜ್ಜಿ ತೋಳು ಹಿಡಿದು ಸರಿಯಾದ ಜಾಗಕ್ಕೆ ಎಳೆದು ನಿಲ್ಲಿಸುತ್ತಾರೆ. ಸಂಕೋಚಕ್ಕೆ ಅವಕಾಶವೇ ಇಲ್ಲ.

ಹೋಗುವ ಯೋಚನೆ ಇದ್ದರೆ ಮೊದಲು ಉಳಿಯುವ ಜಾಗ ನೋಡಿಕೊಳ್ಳಿ. ಹೋಟೆಲ್‌ಗಳು ಬೇಗ ತುಂಬುತ್ತವೆ, ಬೆಲೆಯೂ ಏರುತ್ತದೆ. ಊರಿನವರು ಮನೆ ಕೋಣೆ ಬಾಡಿಗೆಗೆ ಕೊಡುತ್ತಾರೆ, ಟೆಂಟ್ ಹಾಕುವ ಮೈದಾನಗಳೂ ಇರುತ್ತವೆ. ಬೀದಿಯ ಸಂಗೀತಕ್ಕೆ, ಪಬ್ಬಿನ ಸೆಷನ್ನಿಗೆ, ಬಯಲಿನ ದೊಡ್ಡ ವೇದಿಕೆಗೆ ದುಡ್ಡಿಲ್ಲ. ಸ್ಪರ್ಧೆ ಮತ್ತು ಕಛೇರಿಗಳಿಗೆ ಟಿಕೆಟ್. ಆಗಸ್ಟ್ ಆದರೂ ಮಳೆ ಕೋಟು ಬೇಕೇ ಬೇಕು. ಪಬ್ಬಿಗೆ ಹೋದರೆ ಕುಡಿಯಲೇಬೇಕು ಅಂತಿಲ್ಲ, ಟೀ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಐರ್ಲೆಂಡ್ ಗಣರಾಜ್ಯದ ಕಾನೂನಿನ ಪ್ರಕಾರ ಬೇಸಿಗೆಯಲ್ಲಿ ರಾತ್ರಿ 10ರ ಒಳಗೆ ಮಕ್ಕಳು ಬಾರ್ ಬಿಡಬೇಕು. ಕುಟುಂಬದ ಜೊತೆ ಹೋಗುವವರು ಮಧ್ಯಾಹ್ನದ ಸೆಷನ್‌ಗಳನ್ನೇ ನೋಡಿಕೊಂಡರೆ ಒಳ್ಳೆಯದು.

ಬೆಲ್‌ಫಾಸ್ಟ್ ವಿಷಯದಲ್ಲಿ ಡಬ್ಲಿನ್ನಿನಲ್ಲಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಡಬ್ಲಿನ್ನಿನಿಂದ ರೈಲು ಹತ್ತಿದರೆ ಎರಡು ಗಂಟೆ ಆಸುಪಾಸು, ನಡುವೆ ಗಡಿಯ ಗೇಟೂ ಇಲ್ಲ. ಆದರೆ ಅದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಐರ್ಲೆಂಡಿನ ವಾಸದ ಪರ್ಮಿಟ್ ಸಾಲದು, ಬ್ರಿಟನ್ನಿನ ವೀಸಾನೂ ಬೇಕು. ಭಾರತದಿಂದಲೇ ಪ್ರವಾಸಕ್ಕೆ ಬರುವವರು ಎರಡೂ ಕಡೆಗೆ ನಡೆಯುವ ಜಂಟಿ ವೀಸಾ ಯೋಜನೆ ತಮಗೆ ಅನ್ವಯಿಸುತ್ತದಾ ಅಂತ ಮೊದಲೇ ವಿಚಾರಿಸಬೇಕು.

ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲಿ ಒಂದು ಅನುಕೂಲ ಇದೆ. ಬಹಳಷ್ಟು ಟ್ಯೂನ್‌ಗಳ ಸ್ವರಗಳು ಶಂಕರಾಭರಣ, ಖರಹರಪ್ರಿಯ, ಹರಿಕಾಂಭೋಜಿಯ ಸ್ವರಗಳೇ. ನಡೆ ಬೇರೆ, ಗಮಕ ಬೇರೆ, ಆದರೆ ಕಿವಿಗೆ ಅಪರಿಚಿತ ಅಲ್ಲ. ಒಂದು ಟ್ಯೂನ್ ಅಂತೂ ಆಗಲೇ ನಮ್ಮಲ್ಲಿಗೆ ಬಂದಿದೆ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕೋಟೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಕೇಳಿದ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು, ನೊಟ್ಟುಸ್ವರ ಅಂತ ಮಕ್ಕಳಿಗೆ ಹೇಳಿಕೊಡುತ್ತಾರಲ್ವಾ, ಅವೇ. ಅದರಲ್ಲಿ "ವಂದೇ ಮೀನಾಕ್ಷಿ" ಎನ್ನುವುದರ ಮಟ್ಟು ಕಾರ್ಕ್ ಜಿಲ್ಲೆಯ ಮ್ಯಾಲೋ ಊರಿನ ಹೆಸರಿರುವ ಐರಿಷ್ ಟ್ಯೂನ್, "ರೇಕ್ಸ್ ಆಫ್ ಮ್ಯಾಲೋ". ಟಿನ್ ವಿಸಲ್ ಕಲಿಯುವ ಮಕ್ಕಳು ಇವತ್ತಿಗೂ ಅದನ್ನು ನುಡಿಸುತ್ತಾರೆ. ಪಿಟೀಲು ತೆಗೆದುಕೊಂಡು ಹೋಗುವುದಾದರೆ ಮಾತ್ರ ಶ್ರುತಿ ಬದಲಿಸಿಕೊಳ್ಳಬೇಕು. ನಮ್ಮ ಸ-ಪ-ಸ-ಪ ಅಲ್ಲಿ ನಡೆಯುವುದಿಲ್ಲ. ನಾಲ್ಕು ತಂತಿಯೂ ಐದೈದು ಸ್ವರದ ಅಂತರಕ್ಕೆ ಇರಬೇಕು, ಹೆಚ್ಚಿನ ಟ್ಯೂನ್‌ಗಳು ಡಿ ಅಥವಾ ಜಿ ಶ್ರುತಿಯಲ್ಲಿರುತ್ತವೆ. ನಿಧಾನದ ಸೆಷನ್ ಎಲ್ಲಿದೆ ಅಂತ ಕೇಳಿ ಹೋಗಿ. ಅಲ್ಲಿ ಕಲಿಯುವವರೇ ಇರುತ್ತಾರೆ, "ರೇಕ್ಸ್ ಆಫ್ ಮ್ಯಾಲೋ" ಅಂತ ನೀವೇ ಶುರು ಮಾಡಿದರೂ ನಡೆಯುತ್ತದೆ.